ಉಗ್ರಾಣ ಸೇರಿದ ಚಿತ್ರಗಳು

ಹೆಂಗಸರಿಗೆ ಕೂಡಿಡುವ ಚಾಳಿ ಎಂದು ಮನೆಯ ಗಂಡಸರು ನಗುವುದುಂಟು. ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿ, ಬಾಳಕದ ಮೆಣಸಿನಕಾಯಿ, ಖಾಲಿಯಾದ ಹಾರ್ಲಿಕ್ಸ್ ಬಾಟಲಿ, ಸೀರೆ ಬಂದ ಡಬ್ಬ, ಏನೆಲ್ಲ ಎತ್ತಿಡುತ್ತೇವೆ! ನಗುವವರು ನಗಲಿ. ಸಿಕ್ಕಾಗ ಎತ್ತಿಟ್ಟು ಬೇಕಾದಾಗ ತೆಗೆದು ಬಡಿಸುವ ಈ ಬುದ್ಧಿಯಿಂದಲೇ ಎಷ್ಟೋ ಸಂಸಾರಗಳು ಮಳೆಗಾಲ ದಾಟಿವೆ.

ಆದರೆ ಎತ್ತಿಡಲು ಬಾರದ ವಸ್ತುವೊಂದು ನಮ್ಮ ಹಜಾರದಲ್ಲೇ ಇತ್ತು. ಅದು ಟಿ.ವಿ.ಯಲ್ಲಿ ಬಂದು ಹೋಗುತ್ತಿದ್ದ ಚಿತ್ರ. 1987ರ ಜನವರಿಯಿಂದ 1988ರ ಜುಲೈವರೆಗೆ ಭಾನುವಾರದ ಬೆಳಿಗ್ಗೆ ದೂರದರ್ಶನದಲ್ಲಿ ‘ರಾಮಾಯಣ’ ಬರುತ್ತಿದ್ದಾಗ ನಾವೆಲ್ಲ ತಿಂಡಿಯ ಹೊತ್ತನ್ನೇ ಬದಲಿಸಿಕೊಂಡಿದ್ದೆವು. ಕರೆಂಟು ಹೋದರೆ, ಹಾಲು ಉಕ್ಕಿದರೆ, ಬಾಗಿಲಿಗೆ ನೆಂಟರು ಬಂದರೆ ಆ ವಾರದ ಕಥೆ ಹೋದಂತೆಯೇ. ಹೊತ್ತು ಗೊತ್ತುಮಾಡುವವರು ಎಲ್ಲೋ ದೆಹಲಿಯಲ್ಲಿದ್ದರು. ಅದಕ್ಕೆ ಹೊಂದಿಕೊಳ್ಳುವವರು ನಾವು.

ಈ ಚಿತ್ರವನ್ನೂ ಉಪ್ಪಿನಕಾಯಿಯ ಹಾಗೆ ಭರಣಿಗೆ ಹಾಕಿಡಬೇಕೆಂದು ಹಟ ಹಿಡಿದವರ ಕಥೆಯೊಂದಿದೆ. ಬಹುಪಾಲು ಬೇರೆ ದೇಶಗಳಲ್ಲಿ ನಡೆದ ಕಥೆ. ಇಂದು ಕೆಲವರ ಮನೆಯಲ್ಲಿ ಟಿ.ವಿ.ಯ ಕೆಳಗೆ ಒಂದು ಪುಟ್ಟ ಕಂಪ್ಯೂಟರು ಕೂತು, ಸಾವಿರ ಸಿನಿಮಾ ಹೊಟ್ಟೆಯಲ್ಲಿಟ್ಟುಕೊಂಡು, ಕೇಳಿದ್ದನ್ನು ಕೇಳಿದ ಕೋಣೆಗೆ ಕಳಿಸುತ್ತದಲ್ಲ, ಅದರ ಪೂರ್ವಜರ ಕಥೆ ಎನ್ನಿ.

ಮೊದಲಿಗೆ ಒಂದು ಮಾತು. ಚಿತ್ರ ತಯಾರಿಸಿದವರೇ ಅದನ್ನು ಕಾಪಾಡಿಯಾರು ಎಂದು ನಾವು ನಂಬುತ್ತೇವೆ. ಹಾಗೇನಿಲ್ಲ. ಇಂಗ್ಲೆಂಡಿನ ಬಿ.ಬಿ.ಸಿ.ಯಲ್ಲಿ 1963ರಿಂದ ‘ಡಾಕ್ಟರ್ ಹೂ’ ಎಂಬ ಮಕ್ಕಳ ಮೆಚ್ಚಿನ ಧಾರಾವಾಹಿ ಬರುತ್ತಿತ್ತು. ಆಗ ವಿಡಿಯೋ ಟೇಪಿಗೆ ಬಹಳ ಬೆಲೆ. ಒಮ್ಮೆ ತೋರಿಸಿಯಾದ ಮೇಲೆ ಅದನ್ನು ಅಳಿಸಿ ಬೇರೊಂದಕ್ಕೆ ಬಳಸುವುದು ರೂಢಿ. ಹೀಗೆ ಅಳಿಸುವುದು, ಎಸೆಯುವುದು 1978ರ ಸುಮಾರಿಗೆ ನಿಂತಿತು. ಅಷ್ಟರಲ್ಲಿ ನೂರಾರು ಕಂತುಗಳು ಹೋಗಿದ್ದವು. ಕೆಲವು ಪರದೇಶಗಳಿಂದ ಮರಳಿ ಸಿಕ್ಕವು. ತೊಂಬತ್ತಕ್ಕೂ ಹೆಚ್ಚು ಸಿಗಲೇ ಇಲ್ಲ. ಆದರೆ ಕಳೆದುಹೋದ ಪ್ರತಿಯೊಂದು ಕಂತಿನ ಧ್ವನಿ ಮಾತ್ರ ಉಳಿದಿದೆ. ಉಳಿಸಿದವರು ಯಾರು? ತಮ್ಮ ಮನೆಯಲ್ಲಿ ಟೇಪ್ ರೆಕಾರ್ಡರ್ ಹಿಡಿದು ಕೂತ ಅಭಿಮಾನಿಗಳು! ಅವರಲ್ಲಿ ಶಾಲೆಗೆ ಹೋಗುವ ಹುಡುಗರೂ ಇದ್ದರು. ದೊಡ್ಡ ಸಂಸ್ಥೆ ಎಸೆದದ್ದನ್ನು ಮನೆಯವರು ಎತ್ತಿಟ್ಟಿದ್ದರು.

ಧ್ವನಿಯ ಜೊತೆ ಚಿತ್ರವನ್ನೂ ಮನೆಯಲ್ಲೇ ಹಿಡಿಯುವ ಅನುಕೂಲ ಹೆಚ್ಚಾಗಿ ಹಬ್ಬತೊಡಗಿದ್ದು 1975ರಿಂದ. ಜಪಾನಿನ ಸೋನಿ ಕಂಪೆನಿ ಬೀಟಾಮ್ಯಾಕ್ಸ್ ಎಂಬ ಯಂತ್ರ ತಂದಿತು. ಮರುವರ್ಷ ಜೆ.ವಿ.ಸಿ.ಯವರ ವಿ.ಎಚ್.ಎಸ್. ಬಂತು. ಬೀಟಾಮ್ಯಾಕ್ಸ್ ಟೇಪಿನಲ್ಲಿ ಮೊದಮೊದಲು ಒಂದು ಗಂಟೆಯಷ್ಟೇ ಹಿಡಿಯುತ್ತಿತ್ತು. ವಿ.ಎಚ್.ಎಸ್.ನಲ್ಲಿ ಎರಡು ಗಂಟೆ, ಎಂದರೆ ಒಂದು ಸಿನಿಮಾ. ಕೊನೆಗೆ ಗೆದ್ದದ್ದು ವಿ.ಎಚ್.ಎಸ್.ಏ. ನಾವು ಕಂಡ ಕಪ್ಪು ಕ್ಯಾಸೆಟ್ಟು ಅದೇ.

ಅಮೆರಿಕದ ಸಿನಿಮಾ ಕಂಪೆನಿಗಳಿಗೆ ಇದು ಸೇರಲಿಲ್ಲ. 1976ರಲ್ಲಿ ಯೂನಿವರ್ಸಲ್ ಮತ್ತು ಡಿಸ್ನಿ ಸೇರಿ ಸೋನಿಯ ಮೇಲೆ ದಾವೆ ಹೂಡಿದವು. 1982ರಲ್ಲಿ ಅಲ್ಲಿನ ಚಲನಚಿತ್ರ ಸಂಘದ ಮುಖ್ಯಸ್ಥ ಜ್ಯಾಕ್ ವ್ಯಾಲೆಂಟಿ ಸಂಸದರ ಮುಂದೆ ಹೇಳಿಕೆ ಕೊಡುತ್ತ, ಒಂಟಿಯಾಗಿ ಮನೆಯಲ್ಲಿರುವ ಹೆಂಗಸಿಗೆ ಬೋಸ್ಟನ್ನಿನ ಕೊಲೆಗಡುಕ ಹೇಗೋ ಸಿನಿಮಾದವರಿಗೆ ಈ ಯಂತ್ರ ಹಾಗೆ ಎಂದರು. ಬೋಸ್ಟನ್ ನಗರದಲ್ಲಿ ಮನೆ ಹೊಕ್ಕು ಹೆಂಗಸರ ಕತ್ತು ಹಿಸುಕಿದ ಪಾಪಿಯ ನೆನಪು ಜನರಿಗೆ ಇನ್ನೂ ಹಸಿಯಾಗಿತ್ತು. ತಮ್ಮ ಗಲ್ಲಾಪೆಟ್ಟಿಗೆಯ ಭಯಕ್ಕೂ ಅವರಿಗೆ ಹೋಲಿಕೆಗೆ ಒಬ್ಬ ಒಂಟಿ ಹೆಂಗಸೇ ಬೇಕಾಯಿತು ನೋಡಿ!

ಅದೇ ಮೊಕದ್ದಮೆಯಲ್ಲಿ ಬೇರೆ ದನಿಯೂ ಇತ್ತು. ಫ್ರೆಡ್ ರೋಜರ್ಸ್ ಎಂಬ ಸೌಮ್ಯ ಮನುಷ್ಯ, ಚಿಕ್ಕ ಮಕ್ಕಳಿಗಾಗಿ ಟಿ.ವಿ. ಕಾರ್ಯಕ್ರಮ ನಡೆಸುತ್ತಿದ್ದವರು, ಸಾಕ್ಷಿ ನುಡಿದರು. ತಮ್ಮ ಕಾರ್ಯಕ್ರಮವನ್ನು ಮನೆಯವರು ಹಿಡಿದಿಟ್ಟು ತಮಗೆ ಅನುಕೂಲವಾದ ಹೊತ್ತಿಗೆ ನೋಡಿದರೆ ಅಡ್ಡಿಯೇನೂ ಇಲ್ಲ, ಬದುಕಿನ ನಿರ್ಧಾರಗಳು ಆಯಾ ಜನರ ಕೈಯಲ್ಲಿರುವುದೇ ಒಳ್ಳೆಯದು ಎಂಬುದು ಅವರ ಅಭಿಪ್ರಾಯ. 1984ರ ಜನವರಿ 17ರಂದು ಸುಪ್ರೀಂ ಕೋರ್ಟಿನ ತೀರ್ಪು ಬಂತು. ಐವರು ನ್ಯಾಯಾಧೀಶರು ಸೋನಿಯ ಪರ, ನಾಲ್ವರು ವಿರುದ್ಧ. ಮನೆಯಲ್ಲಿ ಆಮೇಲೆ ನೋಡಲೆಂದು ಟಿ.ವಿ. ಕಾರ್ಯಕ್ರಮ ಹಿಡಿದಿಡುವುದು ತಪ್ಪಲ್ಲ ಎಂದಾಯಿತು. ಒಂದೇ ಒಂದು ಮತ ಆಚೆ ಹೋಗಿದ್ದರೆ ಮುಂದಿನ ಕಥೆಯೇ ಬೇರೆಯಾಗುತ್ತಿತ್ತು. ತಮಾಷೆಯೆಂದರೆ, ಆ ದಶಕ ಮುಗಿಯುವ ಮೊದಲೇ ಹಾಲಿವುಡ್ಡಿಗೆ ಚಿತ್ರಮಂದಿರದ ಟಿಕೆಟಿಗಿಂತ ಹೆಚ್ಚು ಹಣ ಕ್ಯಾಸೆಟ್ಟಿನಿಂದಲೇ ಬರುತ್ತಿತ್ತು.

ನಮ್ಮ ಊರುಗಳಿಗೂ ವಿ.ಸಿ.ಆರ್. ಬಂತು. ಕೊಂಡವರು ಕಡಿಮೆ, ಬಾಡಿಗೆಗೆ ತಂದವರೇ ಹೆಚ್ಚು. ರಾತ್ರಿಯಿಡೀ ಮೂರು ಸಿನಿಮಾ ನೋಡಿ ಬೆಳಿಗ್ಗೆ ಕಣ್ಣುಜ್ಜುತ್ತ ಯಂತ್ರ ಹಿಂತಿರುಗಿಸುವುದು. ಆದರೆ ನಮ್ಮದೇ ಎಂದು ಬೀರುವಿನಲ್ಲಿ ಉಳಿದ ಕ್ಯಾಸೆಟ್ಟು ಒಂದಿತ್ತು. ಅದು ಮದುವೆಯದು. ಆ ಮಾತಿಗೆ ಆಮೇಲೆ ಬರುತ್ತೇನೆ.

ಈ ಚರಿತ್ರೆಯಲ್ಲಿ ನನಗೆ ಬಹಳ ಹಿಡಿಸಿದವಳು ಮೇರಿಯನ್ ಸ್ಟೋಕ್ಸ್. ಫಿಲಡೆಲ್ಫಿಯಾ ನಗರದ ಕಪ್ಪು ಮಹಿಳೆ, ಹಿಂದೊಮ್ಮೆ ಗ್ರಂಥಪಾಲಕಿ. 1979ರಲ್ಲಿ ಇರಾನಿನಲ್ಲಿ ಅಮೆರಿಕದ ರಾಯಭಾರಿ ಕಚೇರಿಯವರನ್ನು ಒತ್ತೆಯಾಳಾಗಿ ಹಿಡಿದರಲ್ಲ, ಆ ಸುದ್ದಿ ದಿನದಿಂದ ದಿನಕ್ಕೆ ಹೇಗೆ ಬಣ್ಣ ಬದಲಿಸುತ್ತದೆಂದು ಇವಳು ಗಮನಿಸಿದಳು. ಅಂದಿನಿಂದ ಸುದ್ದಿಯನ್ನು ಹಗಲಿರುಳು ಹಿಡಿದಿಡತೊಡಗಿದಳು. ಮನೆಯಲ್ಲಿ ಏಕಕಾಲಕ್ಕೆ ಎಂಟು ಯಂತ್ರಗಳವರೆಗೂ ಓಡುತ್ತಿದ್ದವಂತೆ. ಆರು ಗಂಟೆಗೊಮ್ಮೆ ಟೇಪು ಬದಲಿಸಬೇಕು. ಅದಕ್ಕಾಗಿ ಹೊರಗೆ ಊಟಕ್ಕೆ ಹೋದವರು ಅರ್ಧಕ್ಕೆ ಎದ್ದು ಬರಬೇಕು. ಮೂವತ್ತಮೂರು ವರ್ಷ ಹೀಗೆ ನಡೆಯಿತು. 2012ರ ಡಿಸೆಂಬರಿನಲ್ಲಿ ಅವಳು ತೀರಿಕೊಂಡ ದಿನವೂ ಟೇಪು ತಿರುಗುತ್ತಿತ್ತು. ಸುಮಾರು 70 ಸಾವಿರ ಕ್ಯಾಸೆಟ್ಟುಗಳು ಮನೆ, ಉಗ್ರಾಣ ತುಂಬಿದ್ದವು. ಅವನ್ನು ಸ್ಯಾನ್ ಫ್ರಾನ್ಸಿಸ್ಕೋದ ಇಂಟರ್‌ನೆಟ್ ಆರ್ಕೈವ್ ಸಂಸ್ಥೆ ವಹಿಸಿಕೊಂಡಿತು. ಅವಳ ಸಂಸಾರ ಇದರಿಂದ ಕಷ್ಟಪಟ್ಟದ್ದೂ ನಿಜ. 2019ರಲ್ಲಿ ಬಂದ ಸಾಕ್ಷ್ಯಚಿತ್ರದಲ್ಲಿ ಮಗನೇ ಅದನ್ನು ಹೇಳಿಕೊಂಡಿದ್ದಾನೆ. ಬದುಕಿದ್ದಾಗ ಹುಚ್ಚು ಎನ್ನಿಸಿಕೊಂಡದ್ದು ಸತ್ತ ಮೇಲೆ ದೇಶದ ಆಸ್ತಿಯಾಯಿತು.

ಟೇಪಿನ ಕಾಲ ಮುಗಿದು ಕಂಪ್ಯೂಟರಿನ ಹಾರ್ಡ್ ಡಿಸ್ಕಿಗೆ ಬಂದದ್ದು 1999ರಲ್ಲಿ. ಅಮೆರಿಕದಲ್ಲಿ ಟೀವೋ ಎಂಬ ಪೆಟ್ಟಿಗೆ ಬಂತು. ಧಾರಾವಾಹಿಯ ಹೆಸರು ಹೇಳಿಟ್ಟರೆ ಸಾಕು, ಅದೇ ಹುಡುಕಿ ಹಿಡಿದಿಡುತ್ತಿತ್ತು. ಆದರೆ ಅದರ ಬೀಗದ ಕೈ ಕಂಪೆನಿಯ ಬಳಿ. 2002ರಲ್ಲಿ ಐಸಾಕ್ ರಿಚರ್ಡ್ಸ್ ಎಂಬ ತರುಣ, ಕೇಬಲ್ಲಿನವರು ಕೊಟ್ಟ ಪೆಟ್ಟಿಗೆಯ ಜಾಹೀರಾತಿಗೆ ಬೇಸತ್ತು, ತಾನೇ ಮಿಥ್‌ಟಿ.ವಿ. ಎಂಬ ತಂತ್ರಾಂಶ ಬರೆಯತೊಡಗಿದ. ಬರೆದದ್ದನ್ನು ಎಲ್ಲರಿಗೂ ಪುಕ್ಕಟೆ ಕೊಟ್ಟ. ಹಳೆಯ ಕಂಪ್ಯೂಟರಿಗೆ ಟಿ.ವಿ. ಕಾರ್ಡು ಸಿಕ್ಕಿಸಿದರೆ ಅದು ಕಾರ್ಯಕ್ರಮ ಹಿಡಿಯುವುದು, ಜಾಹೀರಾತು ದಾಟಿಸುವುದು, ಮನೆಯ ಇನ್ನೊಂದು ಕೋಣೆಗೂ ಕಳಿಸುವುದು. ಇಂಥ ಕಂಪ್ಯೂಟರಿಗೆ ಹೋಮ್ ಥಿಯೇಟರ್ ಪಿ.ಸಿ. ಎಂದು ಹೆಸರಾಯಿತು.

ಇದಕ್ಕೊಂದು ಪಂಚಾಂಗ ಬೇಕಿತ್ತು. ಯಾವ ವಾಹಿನಿಯಲ್ಲಿ ಎಷ್ಟು ಹೊತ್ತಿಗೆ ಏನು ಬರುತ್ತದೆ ಎಂಬ ಪಟ್ಟಿ. ಅದನ್ನು ಪುಕ್ಕಟೆ ಕೊಡುತ್ತಿದ್ದ ಸಂಸ್ಥೆ 2007ರ ಸೆಪ್ಟೆಂಬರಿನಿಂದ ನಿಲ್ಲಿಸಿತು. ಹವ್ಯಾಸಿಗಳು ಸೇರಿ ಲಾಭವಿಲ್ಲದ ಒಂದು ಸಂಘ ಕಟ್ಟಿ, ಚಂದಾ ಎತ್ತಿ, ಪಟ್ಟಿಯನ್ನು ಕೊಂಡರು. ನಮ್ಮ ಮಹಿಳಾ ಸಮಾಜದವರು ಸೇರಿ ದೊಡ್ಡ ಪಾತ್ರೆ ಕೊಂಡ ಹಾಗೆ!

ಇನ್ನೊಂದು ಕವಲು ಆಟದ ಯಂತ್ರದಿಂದ ಹುಟ್ಟಿತು. 2001ರಲ್ಲಿ ಮೈಕ್ರೋಸಾಫ್ಟ್ ತಂದ ಎಕ್ಸ್‌ಬಾಕ್ಸ್, ಒಳಗೆ ನೋಡಿದರೆ ಒಂದು ಕಂಪ್ಯೂಟರೇ. 64 ಮೆಗಾಬೈಟ್ ಸ್ಮರಣೆ, 8 ಗಿಗಾಬೈಟ್ ಡಿಸ್ಕು. ಹವ್ಯಾಸಿಗಳು ಅದರ ಬೀಗ ತೆಗೆದು ಸಿನಿಮಾ, ಹಾಡು, ಮನೆಯ ಫೋಟೋ ತೋರಿಸುವ ತಂತ್ರಾಂಶ ಕೂರಿಸಿದರು. ‘ಫ್ರೋಡೋ’ ಎಂಬ ಗುಪ್ತನಾಮದವನು ಅದರ ಮೂಲಪುರುಷರಲ್ಲೊಬ್ಬ. ಅದು 2004ರಲ್ಲಿ ಎಕ್ಸ್.ಬಿ.ಎಂ.ಸಿ. ಎಂದು ಹೊರಬಂತು. ಆಮೇಲೆ ಬೇರೆ ಕಂಪ್ಯೂಟರುಗಳಿಗೂ ಹಬ್ಬಿ 2014ರಲ್ಲಿ ಕೋಡಿ ಎಂದು ಹೆಸರು ಬದಲಿಸಿಕೊಂಡಿತು. 2008ರಲ್ಲಿ ಅದರಿಂದ ಒಡೆದು ಪ್ಲೆಕ್ಸ್ ಬಂತು. ಮುಂದೆ ಎಂಬಿ ಎಂಬ ಇನ್ನೊಂದು ತಂತ್ರಾಂಶದವರು ಬಾಗಿಲು ಮುಚ್ಚಿಕೊಂಡಾಗ, 2018ರಲ್ಲಿ ಅದರ ಹಳೆಯ ತೆರೆದ ಭಾಗದಿಂದಲೇ ಜೆಲ್ಲಿಫಿನ್ ಹುಟ್ಟಿತು. ಬಾಗಿಲು ಮುಚ್ಚಿದಾಗಲೆಲ್ಲ ಯಾರೋ ಹಿಂದಿನ ದಿನದ ಹೆಪ್ಪು ಎತ್ತಿಟ್ಟುಕೊಂಡಿರುತ್ತಾರೆ. ಮಾರನೆಯ ದಿನಕ್ಕೆ ಮತ್ತೆ ಮೊಸರು ಸಿದ್ಧ.

ಇವರೆಲ್ಲ ಸಾಧುಗಳೇನಲ್ಲ. ಕದ್ದ ಸಿನಿಮಾ ತುಂಬಿಟ್ಟವರೂ ಇದ್ದರು. ಕೋಡಿ ಹಾಕಿದ ಪೆಟ್ಟಿಗೆಯಲ್ಲಿ ಕಳ್ಳಮಾಲು ಸೇರಿಸಿ ಮಾರುವವರ ವಿರುದ್ಧ ಅದನ್ನು ಬರೆದವರೇ ಕೂಗಾಡಬೇಕಾಯಿತು.

ಈ ಹವ್ಯಾಸಿಗಳಲ್ಲಿ ಹೆಚ್ಚಿನವರು ಗಂಡಸರು. ಯಾವ ಫ್ಯಾನು ಸದ್ದು ಮಾಡುವುದಿಲ್ಲ, ಯಾವ ಪೆಟ್ಟಿಗೆ ಟಿ.ವಿ.ಯ ಕೆಳಗೆ ಹಿಡಿಸುತ್ತದೆ ಎಂದು ಪರಸ್ಪರ ಹೇಳಿಕೊಳ್ಳುತ್ತಿದ್ದರು. ಅವರಲ್ಲಿ ಒಂದು ಪರಿಭಾಷೆಯೂ ಇತ್ತು. ‘ವೈಫ್ ಅಕ್ಸೆಪ್ಟೆನ್ಸ್ ಫ್ಯಾಕ್ಟರ್’, ಎಂದರೆ ಹೆಂಡತಿ ಒಪ್ಪುವ ಪ್ರಮಾಣ. 1980ರ ದಶಕದ ಧ್ವನಿ ಉಪಕರಣದ ಹವ್ಯಾಸಿಗಳಿಂದ ಬಂದ ಹಾಸ್ಯ ಅದು. ಹೆಂಡತಿ ಬೇಡವೆನ್ನದ ಯಂತ್ರ ಮಾಡುವುದು ಅವರಿಗೊಂದು ಪರೀಕ್ಷೆ. ಓದಿದಾಗ ಮೊದಲು ಸಿಟ್ಟು ಬಂತು. ಆಮೇಲೆ ನಗು ಬಂತು. ಸದ್ದು ಮಾಡಬಾರದು, ಹಜಾರದಲ್ಲಿ ಜಾಗ ತಿನ್ನಬಾರದು, ಐದು ರಿಮೋಟು ಬೇಡ ಒಂದು ಸಾಕು, ಗಂಡ ಮನೆಯಲ್ಲಿಲ್ಲದಾಗಲೂ ಯಂತ್ರ ಓಡಬೇಕು. ಇಷ್ಟೇ ತಾನೆ ಆ ಹೆಂಡತಿ ಕೇಳಿದ್ದು? ಒಳ್ಳೆಯ ಯಂತ್ರದ ಲಕ್ಷಣವೂ ಇದೇ ಅಲ್ಲವೆ? 2012ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಿಂದ ರಾಸ್ಪ್‌ಬೆರಿ ಪೈ ಎಂಬ 35 ಡಾಲರಿನ, ಅಂಗೈಯಗಲದ ಕಂಪ್ಯೂಟರು ಬಂತು. ಮಕ್ಕಳು ಕಲಿಯಲೆಂದು ಮಾಡಿದ್ದು. ಫ್ಯಾನಿಲ್ಲ, ಸದ್ದಿಲ್ಲ. ಅದೇ ವರ್ಷ ಹವ್ಯಾಸಿಗಳು ಅದರಲ್ಲಿ ಎಕ್ಸ್.ಬಿ.ಎಂ.ಸಿ. ಓಡಿಸಿದರು. ಹೆಂಡತಿಯ ಬೇಡಿಕೆ ಕೊನೆಗೂ ಈಡೇರಿತು. ಆ ಹೆಸರಿಲ್ಲದ ಹೆಂಡತಿಯೂ ಈ ಯಂತ್ರ ತಿದ್ದಿದವರಲ್ಲಿ ಒಬ್ಬಳೆಂದು ನಾನು ಲೆಕ್ಕಕ್ಕೆ ಹಿಡಿದಿದ್ದೇನೆ.

ಈಗ ಇಷ್ಟೆಲ್ಲ ಪಾಡು ಯಾಕೆ ಎನ್ನುವಿರಿ. ನೆಟ್‌ಫ್ಲಿಕ್ಸ್ 2007ರಲ್ಲೇ ಅಮೆರಿಕದಲ್ಲಿ ಸಿನಿಮಾವನ್ನು ಅಂತರಜಾಲದಲ್ಲಿ ಹರಿಸತೊಡಗಿತು. 2016ರ ಜನವರಿಯಲ್ಲಿ ನಮ್ಮಲ್ಲಿಗೂ ಬಂತು. ತಿಂಗಳಿಗಿಷ್ಟು ಕೊಟ್ಟರೆ ಆಯಿತು. ನಿಜ, ಸುಖವಾಗಿದೆ. ದಿನವೂ ಹೋಟೆಲಿನಿಂದ ಕ್ಯಾರಿಯರ್ ಬರುವ ಸುಖ ಅದು. ಆದರೆ ಹೋಟೆಲಿನವನು ನಾಳೆ ಆ ಪಲ್ಯ ಮಾಡುವುದಿಲ್ಲ ಎಂದರೆ ಕೇಳುವ ಹಾಗಿಲ್ಲ. ಡಿಸ್ನಿಯ ‘ವಿಲೋ’ ಎಂಬ ಧಾರಾವಾಹಿ 2022ರ ನವೆಂಬರಿನಲ್ಲಿ ಅವರದೇ ಪ್ರಸಾರಕ್ಕೆ ಬಂತು. ಅರ್ಧ ವರ್ಷವೂ ತುಂಬುವ ಮೊದಲು, 2023ರ ಮೇ ತಿಂಗಳಲ್ಲಿ, ಖರ್ಚು ತಗ್ಗಿಸುವ ಲೆಕ್ಕಾಚಾರದಲ್ಲಿ ಅವರೇ ಅದನ್ನು ತೆಗೆದುಹಾಕಿದರು. ಬಿ.ಬಿ.ಸಿ. ಟೇಪಿನ ಬೆಲೆಗಾಗಿ ಅಳಿಸಿತ್ತು. ಕಾರಣಗಳು ಬದಲಾದವು, ಎತ್ತಿಡುವ ಹೊಣೆ ಮಾತ್ರ ಮತ್ತೆ ಮನೆಯವರ ತಲೆಗೇ ಬಂತು.

ಸಿನಿಮಾ ಹೋದರೆ ಹೋಗಲಿ, ಇನ್ನೆಲ್ಲೋ ಸಿಕ್ಕೀತು. ನನಗೆ ಕಳವಳ ನಮ್ಮ ಬೀರುವಿನ ಮದುವೆ ಕ್ಯಾಸೆಟ್ಟುಗಳದ್ದು. ಮಲೆನಾಡಿನ ಮಳೆಗೆ ಟೇಪಿನ ಸುರುಳಿಯ ಮೇಲೆ ಬಿಳಿ ಬೂಷ್ಟು ಹಿಡಿಯುತ್ತದೆ. ವಿ.ಸಿ.ಆರ್. ತಯಾರಿಸುತ್ತಿದ್ದ ಕೊನೆಯ ಕಂಪೆನಿ, ಜಪಾನಿನ ಫುನಾಯ್, 2016ರ ಜುಲೈನಲ್ಲಿ ಅದನ್ನು ನಿಲ್ಲಿಸಿತು. ಇರುವ ಯಂತ್ರಗಳು ಕೆಡುವ ಮೊದಲು ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು, ಒಂದಲ್ಲ ಎರಡು ಪ್ರತಿ ಮಾಡಿ ಎರಡು ಮನೆಯಲ್ಲಿಡಬೇಕು.

ನನ್ನ ತಂಗಿಯ ಮಗ ತನ್ನ ಮನೆಯಲ್ಲಿ ಇಂಥ ಕಂಪ್ಯೂಟರು ಇಟ್ಟು ನಮ್ಮ ಕ್ಯಾಸೆಟ್ಟುಗಳನ್ನು ಇಳಿಸಿದ್ದಾನೆ. ಸಿನಿಮಾ ಸೇರಿಸಿದ ಕೂಡಲೇ ಆ ಯಂತ್ರ ತಾನೇ ಅಂತರಜಾಲದಲ್ಲಿ ಹುಡುಕಿ ಪೋಸ್ಟರು, ವರ್ಷ, ನಟನಟಿಯರ ಹೆಸರು ತಂದು ಹಚ್ಚುತ್ತದೆ. ನಮ್ಮ ಮನೆಯ ಮದುವೆಗೆ ಮಾತ್ರ ಖಾಲಿ ಚೌಕ. ಧಾರೆಯ ಹೊತ್ತಿಗೆ ಕಂಬದ ಹಿಂದೆ ನಿಂತು ಕಣ್ಣೊರೆಸಿಕೊಂಡ ಹಸಿರು ಸೀರೆಯಾಕೆ ಯಾರು, ಬಡಿಸುವಾಗ ಕ್ಯಾಮೆರಾ ಕಂಡು ಸೆರಗು ಎಳೆದುಕೊಂಡವಳು ಯಾರು, ಲೋಕದ ಯಾವ ಪಟ್ಟಿಯಲ್ಲೂ ಇಲ್ಲ. ಹೇಳಬಲ್ಲವರು ನಮ್ಮ ದೊಡ್ಡಮ್ಮ ಒಬ್ಬರೇ. ಅವರಿಗೀಗ ಎಂಬತ್ತಾರು. ಹುಡುಗ ಚಿತ್ರ ನಿಲ್ಲಿಸಿ ನಿಲ್ಲಿಸಿ ತೋರಿಸುತ್ತಾನೆ, ಅವರು ಹೇಳುತ್ತಾರೆ, ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೇನೆ. ಈವರೆಗೆ ನಲವತ್ತೊಂದು ಹೆಸರಾಗಿದೆ. ನಿಮ್ಮ ಮನೆಯಲ್ಲೂ ಅಂಥ ಕ್ಯಾಸೆಟ್ಟು, ಅಂಥ ದೊಡ್ಡಮ್ಮ ಇದ್ದರೆ ಈ ಬೇಸಿಗೆಯ ಸಂಡಿಗೆಯ ಜೊತೆ ಈ ಕೆಲಸವನ್ನೂ ಮಾಡಿಬಿಡಿ.