ಮೇಲೇರುವವನ ಲೆಕ್ಕ

ಯಲ್ಲದಕೆರೆಯ ಕಡೆಯ ಓದುಗರಿಗೆ ಮಾರಿಕಣಿವೆಯ ನೀರಿನ ಅಳತೆಯನ್ನು ನಾವು ಹೇಳಿಕೊಡಬೇಕಾಗಿಲ್ಲ. ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ಆ ವಾಣೀವಿಲಾಸ ಸಾಗರ 130 ಅಡಿ ಮುಟ್ಟಿತೆಂದರೆ ತುಂಬಿತೆಂದು ಲೆಕ್ಕ. 1933ರಲ್ಲಿ ಕೋಡಿ ಬಿದ್ದದ್ದು ಮತ್ತೆ ಬಿದ್ದದ್ದು 2022ರಲ್ಲಿ. ಅಷ್ಟು ನೀರಿನ ತಳದಲ್ಲಿ ಒಬ್ಬ ಮನುಷ್ಯ ನಿಂತಿದ್ದಾನೆಂದು ಊಹಿಸಿಕೊಳ್ಳಿ. 33 ಅಡಿ ನೀರಿಗೆ ಒಂದು ವಾಯುಭಾರ. ಮೇಲಿನ ಗಾಳಿಯದೂ ಸೇರಿ ಅವನ ಮೇಲೆ ಸುಮಾರು ಐದು ವಾಯುಭಾರ. ಇಳಿಯುವುದು ಸುಲಭ. ಏರುವುದರಲ್ಲಿದೆ ಕಷ್ಟ.

ಒತ್ತಡದಲ್ಲಿ ಉಸಿರಾಡಿದ ಗಾಳಿಯ ಸಾರಜನಕವು ರಕ್ತದಲ್ಲಿ, ಕೊಬ್ಬಿನಲ್ಲಿ, ಕೀಲುಗಳಲ್ಲಿ ಕರಗಿ ಕೂತಿರುತ್ತದೆ. ಥಟ್ಟನೆ ಮೇಲೆ ಬಂದರೆ ಗೋಲಿ ಸೋಡದ ಬಾಯಿ ತೆರೆದಂತೆ ಗುಳ್ಳೆ ಏಳುತ್ತದೆ. ಕೀಲುನೋವು, ಪಾರ್ಶ್ವವಾಯು, ಕೆಲವೊಮ್ಮೆ ಸಾವು. ಸೇತುವೆಗಳ ಅಡಿಪಾಯಕ್ಕಾಗಿ ಒತ್ತಿದ ಗಾಳಿಯ ಗೂಡುಗಳಲ್ಲಿ ದುಡಿದ ಕೂಲಿಗಳು ಇದನ್ನು ಅನುಭವಿಸಿದರು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಅವರೂ ಈ ವ್ಯಾಧಿಗೆ ತುತ್ತಾದರು. ಫ್ರಾನ್ಸಿನ ಪಾಲ್ ಬೆರ್ 1878ರಲ್ಲಿ ಸಾರಜನಕದ ಗುಳ್ಳೆಯೇ ಕಾರಣವೆಂದು ತೋರಿಸಿಕೊಟ್ಟರು. ಹಾಗಾದರೆ ಎಷ್ಟು ನಿಧಾನ? ಇದಕ್ಕೆ ಉತ್ತರ ಸಿಗಲು ಇನ್ನೂ ಮೂವತ್ತು ವರ್ಷ ಬೇಕಾಯಿತು.

ಬ್ರಿಟಿಷ್ ನೌಕಾಪಡೆಗಾಗಿ ಇದನ್ನು ಕೈಗೆತ್ತಿಕೊಂಡವರು ಜಾನ್ ಸ್ಕಾಟ್ ಹಾಲ್ಡೇನ್. ಅವರು ಆಡುಗಳನ್ನು ಒತ್ತಡದ ಕೋಣೆಯಲ್ಲಿಟ್ಟು ಪರೀಕ್ಷಿಸಿದರು. ನೋವು ಬಂದ ಆಡು ಮುಂಗಾಲೆತ್ತಿ ನಿಲ್ಲುತ್ತಿತ್ತು. ಮೂಕ ಪ್ರಾಣಿಯಿಂದ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕೆ! 33 ಅಡಿಯಿಂದ, ಅಂದರೆ ಎರಡು ವಾಯುಭಾರದಿಂದ ಒಂದಕ್ಕೆ, ನೇರವಾಗಿ ಬಂದವರಿಗೆ ತೊಂದರೆಯಿಲ್ಲವೆಂಬುದನ್ನು ಹಿಡಿದು, ಒತ್ತಡವನ್ನು ಅರ್ಧಕ್ಕೆ ಇಳಿಸುವಷ್ಟು ಏರುವುದು ಕ್ಷೇಮವೆಂದು ಅವರು ತರ್ಕಿಸಿದರು. ನಮ್ಮ ಮಾರಿಕಣಿವೆಯ ಮನುಷ್ಯ ಸುಮಾರು 50 ಅಡಿಯವರೆಗೆ ಬೇಗ ಬರಬಹುದು. ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ನಿಂತು ಬರಬೇಕು. ದೇಹವು ಐದು ಬಗೆಯ ವೇಗದಲ್ಲಿ ಅನಿಲ ಹೀರುತ್ತದೆಂದು ಎಣಿಸಿ ಕಟ್ಟಿದ ಕೋಷ್ಟಕ 1908ರಲ್ಲಿ ಪ್ರಕಟವಾಯಿತು. ಅದಕ್ಕೆ ಮುಂಚೆ, 1906ರಲ್ಲಿ, ಸ್ಕಾಟ್ಲೆಂಡಿನ ಕಡಲಲ್ಲಿ ನಡೆದ ಪರೀಕ್ಷೆಯಲ್ಲಿ ಹದಿಮೂರು ವರ್ಷದ ಮಗನನ್ನೂ ತಂದೆ ನೀರಿಗಿಳಿಸಿದ್ದುಂಟು. ಆ ಹುಡುಗನೇ ಮುಂದೆ ಭಾರತದ ಪ್ರಜೆಯಾಗಿ 1964ರಲ್ಲಿ ಭುವನೇಶ್ವರದಲ್ಲಿ ಕಣ್ಮುಚ್ಚಿದ ಜೆ. ಬಿ. ಎಸ್. ಹಾಲ್ಡೇನ್.

ಹಾಲ್ಡೇನರ ಸರಳ ಅರ್ಧದ ನಿಯಮ ಹೆಚ್ಚು ಆಳಕ್ಕೆ ಸಾಲಲಿಲ್ಲ. 1965ರಲ್ಲಿ ಅಮೆರಿಕದ ನೌಕಾಪಡೆಯ ವರ್ಕ್‌ಮನ್ ಆಳಕ್ಕೆ ತಕ್ಕಂತೆ ಮಿತಿ ಬದಲಿಸಿದರು. ಜ್ಯೂರಿಕ್ಕಿನ ವೈದ್ಯ ಬ್ಯೂಲ್‌ಮನ್ ಅವರು ಬೆಟ್ಟದ ಮೇಲಿನ ಸರೋವರಗಳ ಲೆಕ್ಕವನ್ನೂ ಸೇರಿಸಿ ಹದಿನಾರು ವೇಗಗಳ ಪದ್ಧತಿಯೊಂದನ್ನು ಕೊಟ್ಟರು. ಎತ್ತರದಲ್ಲಿ ಗಾಳಿಯ ಭಾರವೇ ಕಡಿಮೆ. ಆದ್ದರಿಂದ ಕಡಲಿನ ಕೋಷ್ಟಕವನ್ನು ನಮ್ಮ ಬಯಲುಸೀಮೆಯ ಜಲಾಶಯಕ್ಕೂ ಹಾಗೆಯೇ ತಂದು ಹಚ್ಚುವಂತಿಲ್ಲ. ಇಂದು ಮುಳುಗುಗಾರರ ಕೈಗೆ ಕಟ್ಟಿದ ಎಷ್ಟೋ ಗಣಕಗಳಲ್ಲಿ ಇರುವುದು ಬ್ಯೂಲ್‌ಮನ್ನರ ಈ ಲೆಕ್ಕವೇ. ಆ ಮಿತಿಯ ನೂರಕ್ಕೆ ಎಷ್ಟು ಪಾಲಿನಲ್ಲಿ ತಾನು ನಿಲ್ಲಬೇಕೆಂಬುದನ್ನು ಮಾತ್ರ ಅವನೇ ಆರಿಸಿಕೊಳ್ಳಬೇಕು.

ಇದರ ಎದುರು ಇನ್ನೊಂದು ಪಂಥ ಹುಟ್ಟಿತು. ಹವಾಯಿಯ ಯೌಂಟ್ ಎಂಬವರು ಜೆಲಾಟಿನ್ ಮುದ್ದೆಯಲ್ಲಿ ಗುಳ್ಳೆಗಳನ್ನೆಣಿಸಿ, ಕರಗಿದ ಅನಿಲಕ್ಕಿಂತ ಗುಳ್ಳೆಯ ಬೀಜವನ್ನೇ ತಡೆಯಬೇಕೆಂಬ ಸಿದ್ಧಾಂತ ಕಟ್ಟಿದರು. ಅದರಂತೆ ಬಹಳ ಆಳದಲ್ಲಿಯೇ ಮೊದಲ ನಿಲುಗಡೆ. ವಾದವೇನೋ ಸೊಗಸಾಗಿತ್ತು. ಅನೇಕ ಆಳಗಾರರು ಅದನ್ನು ನಂಬಿ ತಮ್ಮ ಮೈಮೇಲೆ ಪ್ರಯೋಗಿಸಿಕೊಂಡರು. ಆದರೆ ಎರಡನ್ನೂ ಎದುರುಬದುರಾಗಿ ತೂಗಿ ನೋಡಿದ್ದು ಅಮೆರಿಕದ ನೌಕಾಪಡೆಯ ಪ್ರಯೋಗಶಾಲೆ. ವರದಿ ಬಂದದ್ದು 2011ರಲ್ಲಿ. 170 ಅಡಿಯಲ್ಲಿ ಅರ್ಧ ಗಂಟೆ, ಮೇಲೇರುವ ಒಟ್ಟು ಕಾಲ ಎರಡರಲ್ಲೂ ಒಂದೇ, ಪ್ರತಿಯೊಂದರಲ್ಲೂ ಇನ್ನೂರಕ್ಕೆ ಸ್ವಲ್ಪ ಕಡಿಮೆ ಮುಳುಗು. ನಿಲುಗಡೆಗಳನ್ನು ಮೇಲುಭಾಗದಲ್ಲಿಟ್ಟಾಗ ವ್ಯಾಧಿ ಕಂಡದ್ದು ಮೂರು ಸಲ. ಆಳದಲ್ಲಿಟ್ಟಾಗ ಹತ್ತಕ್ಕೆ ಕಡಿಮೆಯಿಲ್ಲ. ಆಳದಲ್ಲಿ ಕಾದು ನಿಂತಷ್ಟು ಹೊತ್ತೂ ನಿಧಾನವಾಗಿ ತುಂಬುವ ಅಂಗಾಂಶಗಳು ಇನ್ನೂ ಅನಿಲ ಹೀರುತ್ತಲೇ ಇದ್ದುವು.

ಆ ಮೇಲೆ ಅನೇಕರು ತಮ್ಮ ಗಣಕದ ಮೊದಲ ನಿಲುಗಡೆಯನ್ನು ಮೇಲಕ್ಕೆ ಸರಿಸಿಕೊಂಡರು. ಮೂರು ಸಲ ವ್ಯಾಧಿ ಕಂಡದ್ದು, ನೆನಪಿಡಿ, ಗೆದ್ದ ಕೋಷ್ಟಕದಲ್ಲಿಯೇ.