ಸೂಕ್ಷ್ಮಜೀವಿಗಳೂ ಕಾಕತಾಳೀಯ ನ್ಯಾಯವೂ

ಕಾಗೆಯೊಂದು ತಾಳೆಯ ಮರದ ಮೇಲೆ ಬಂದು ಕುಳಿತ ಕ್ಷಣದಲ್ಲಿಯೇ ಹಣ್ಣು ಕಳಚಿ ನೆಲಕ್ಕೆ ಬಿದ್ದರೆ, ಕಾಗೆಯೇ ಹಣ್ಣನ್ನು ಬೀಳಿಸಿತೆಂದು ದಾರಿಹೋಕನು ತಿಳಿಯುವನು. ಎರಡಕ್ಕೂ ಸಂಬಂಧವಿಲ್ಲ, ಇದು ಕೇವಲ ಆಕಸ್ಮಿಕವೆಂದು ಹೇಳಿ ನಮ್ಮ ಶಾಸ್ತ್ರಕಾರರು ಇಂತಹ ಪ್ರಸಂಗಗಳಿಗೆ ಕಾಕತಾಳೀಯವೆಂದು ಹೆಸರಿಟ್ಟರು. ಇತಿಹಾಸವನ್ನು ಓದುವವರಿಗೆಲ್ಲ ಈ ನ್ಯಾಯವು ಒಂದಲ್ಲ ಒಂದು ದಿನ ಎದುರಾಗುವುದು. ೧೮೧೫ರಲ್ಲಿ ವಾಟರ್ಲೂ ಕಾಳಗದ ಹಿಂದಿನ ರಾತ್ರಿ ಮಳೆ ಸುರಿಯದೆ ಇದ್ದಿದ್ದರೆ ನೆಪೋಲಿಯನ್ನನು ಗೆಲ್ಲುತ್ತಿದ್ದನೆ? ಅಥವಾ ಮಳೆ ಬಂದರೂ ಬಾರದಿದ್ದರೂ ಅವನ ಪತನವು ಹಿಂದಿನ ಕಾರಣಗಳಿಂದಲೇ ನಿಶ್ಚಿತವಾಗಿದ್ದಿತೆ? ಇದನ್ನು ಕುರಿತು ಎಷ್ಟು ವಾದಿಸಿದರೂ ಪರೀಕ್ಷಿಸುವ ಬಗೆಯಿಲ್ಲ. ಕಳೆದ ಕಾಲವನ್ನು ಹಿಂದಕ್ಕೆ ತಂದು, ಅದೇ ಕಾಳಗವನ್ನು ಮೊದಲಿನಿಂದ ಹೂಡಿಸಿ ನೋಡುವುದು ಮನುಷ್ಯನಿಂದ ಆಗತಕ್ಕ ಕೆಲಸವಲ್ಲ.

ಜೀವರಾಶಿಯ ಇತಿಹಾಸಕ್ಕೂ ಈ ಪ್ರಶ್ನೆಯು ಅನ್ವಯಿಸುವುದು. ಅಮೆರಿಕದ ಪ್ರಾಚೀನಜೀವಶಾಸ್ತ್ರಜ್ಞರಾದ ಸ್ಟೀಫನ್ ಜೇ ಗೂಲ್ಡರು ೧೯೮೯ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಇದನ್ನೇ ಎತ್ತಿದರು. ಭೂಮಿಯ ಮೇಲಿನ ಜೀವನಾಟಕವನ್ನು ಮೊದಲಿನಿಂದ ಮತ್ತೊಮ್ಮೆ ಆಡಿಸಿದರೆ ಅವೇ ಪಾತ್ರಗಳು ರಂಗಕ್ಕೆ ಬರಲಾರವೆಂಬುದು ಅವರ ಮತ. ಹಾಗಲ್ಲ, ಪರಿಸರವು ಒಂದೇ ಆಗಿದ್ದರೆ ಫಲವೂ ಒಂದೇ ಬಗೆಯದಾಗಬೇಕೆಂಬುದು ಪ್ರತಿಪಕ್ಷದವರ ಮತ. ನಾಟಕವನ್ನು ಪುನಃ ಆಡಿಸುವವರು ಯಾರು? ಈ ಪ್ರಶ್ನೆಗೆ ಉತ್ತರವು ದೊರೆತುದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಗಳಿಂದಲೂ, ರೊಟ್ಟಿಯ ಹಿಟ್ಟನ್ನು ಹುದುಗಿಸುವ ಯೀಸ್ಟಿನಿಂದಲೂ ಎಂಬುದೇ ಸೋಜಿಗದ ಸಂಗತಿ.

ಈ ಬಗೆಯ ಪ್ರಯೋಗಕ್ಕೆ ಮೊದಲು ಕೈಹಾಕಿದವರಲ್ಲಿ ಇಂಗ್ಲೆಂಡಿನ ವಿಲಿಯಂ ಹೆನ್ರಿ ಡ್ಯಾಲಿಂಜರರು ಗಣ್ಯರು. ಇವರು ವೆಸ್ಲಿಯನ್ ಪಂಥದ ಪಾದ್ರಿಗಳು. ಷೆಫೀಲ್ಡ್ ನಗರದ ವಿದ್ಯಾಶಾಲೆಯೊಂದರ ಮುಖ್ಯಾಧಿಕಾರಿಗಳು. ಬಿಡುವಿನ ವೇಳೆಯನ್ನು ಸೂಕ್ಷ್ಮದರ್ಶಕಕ್ಕೆ ಮೀಸಲಿಟ್ಟಿದ್ದವರು. ಜೀವಿಗಳ ಮಾರ್ಪಾಟು ಬಹು ಮಂದಗತಿಯದು, ಯುಗಗಳು ಕಳೆದ ಮೇಲೆ ಮಾತ್ರ ಕಾಣತಕ್ಕದ್ದು ಎಂದು ಡಾರ್ವಿನ್ನರು ಬರೆದಿದ್ದರು. ಆದರೆ ಕೆಲವು ನಿಮಿಷಗಳಲ್ಲಿ ಒಂದು ಎರಡಾಗುವ ಏಕಕೋಶಜೀವಿಗಳಲ್ಲಿ ಮನುಷ್ಯನ ಆಯುಸ್ಸಿನೊಳಗೆಯೇ ಸಾವಿರಾರು ಪೀಳಿಗೆಗಳು ಕಳೆಯುವುವಷ್ಟೆ. ಹೀಗೆಂದು ಡ್ಯಾಲಿಂಜರರು ೧೮೮೦ರಲ್ಲಿ ಪ್ರಾರಂಭಿಸಿ, ೬೦ ಡಿಗ್ರಿ ಫ್ಯಾರನ್‌ಹೀಟ್ ಶಾಖದಲ್ಲಿದ್ದ ಜೀವಿಗಳ ಪಾತ್ರೆಯ ಶಾಖವನ್ನು ಅಣುವಣುವಾಗಿ ಏರಿಸುತ್ತ ಹೋದರು. ಜೀವಿಗಳು ಬಳಲಿದಾಗ ತಿಂಗಳುಗಟ್ಟಲೆ ನಿಲ್ಲಿಸಿ, ಚೇತರಿಸಿಕೊಂಡ ಮೇಲೆ ಮುಂದುವರಿಸುವರು. ಸುಮಾರು ಏಳು ವರ್ಷಗಳಲ್ಲಿ ಶಾಖವು ೧೫೮ ಡಿಗ್ರಿಗೆ ಏರಿತು. ಪೂರ್ವಿಕರು ಬದುಕಲಾರದ ಬಿಸಿಯಲ್ಲಿ ಸಂತತಿಯು ಸುಖವಾಗಿದ್ದಿತು. ಅಷ್ಟರಲ್ಲಿ, ೧೮೮೬ರಲ್ಲಿ, ಒಂದು ಅಪಘಾತದಿಂದ ಯಂತ್ರವು ಕೆಟ್ಟು ಪ್ರಯೋಗವು ಅಲ್ಲಿಗೇ ಮುಗಿಯಿತು. ಪೂರ್ವಿಕರನ್ನಾಗಲಿ ಮಧ್ಯದ ಪೀಳಿಗೆಗಳನ್ನಾಗಲಿ ಜೀವಂತವಾಗಿ ಕಾಪಿಡುವ ಉಪಾಯವು ಆ ಕಾಲದಲ್ಲಿ ಇರಲಿಲ್ಲವಾದುದರಿಂದ ಏಳು ವರ್ಷಗಳ ವಂಶಾವಳಿಯು ಒಂದೇ ದಿನದಲ್ಲಿ ಅಳಿಸಿಹೋಯಿತು. ಉಳಿದುದು ಅವರ ಬರವಣಿಗೆ ಮಾತ್ರ.

ನೂರು ವರ್ಷಗಳ ತರುವಾಯ ಈ ಕೊರತೆಯನ್ನು ತುಂಬಿದವರು ರಿಚರ್ಡ್ ಲೆನ್ಸ್ಕಿಯವರು. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಅರ್ವೈನ್ ಶಾಖೆಯಲ್ಲಿ ಅವರು ೧೯೮೮ರ ಫೆಬ್ರವರಿ ೨೪ರಂದು ಒಂದು ಪ್ರಯೋಗವನ್ನು ಹೂಡಿದರು. ಕೆಲವು ವರ್ಷಗಳ ಬಳಿಕ ಅದು ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಸಾಗಿತು. ಅವರು ಆರಿಸಿಕೊಂಡ ಜೀವಿಯು ಈ. ಕೋಲೈ ಎಂಬ ಬ್ಯಾಕ್ಟೀರಿಯ. ಮಕ್ಕಳ ವೈದ್ಯರಾದ ಥಿಯೊಡೋರ್ ಎಷರಿಕರು ೧೮೮೫ರಲ್ಲಿ ವರ್ಣಿಸಿದ ಈ ಜೀವಿಯು ಮನುಷ್ಯರ ಕರುಳಿನಲ್ಲಿ ಸಹಜವಾಗಿ ವಾಸಿಸತಕ್ಕದ್ದು. ಒಂದೇ ಮೂಲದ ಸಂತತಿಯನ್ನು ಹನ್ನೆರಡು ಕುಪ್ಪಿಗಳಿಗೆ ಹಂಚಲಾಯಿತು. ಪ್ರತಿಯೊಂದರಲ್ಲಿಯೂ ೧೦ ಮಿಲಿಲೀಟರ್ ದ್ರವ. ಅದರಲ್ಲಿ ಆಹಾರವಾಗಿ ಅಲ್ಪವಾದ ಗ್ಲೂಕೋಸ್ ಸಕ್ಕರೆ. ಬೆಳಗಾಗುವುದರೊಳಗೆ ಆಹಾರವು ಮುಗಿಯುವುದು. ಮರುದಿನ ಹಳೆಯ ದ್ರವದ ನೂರರಲ್ಲಿ ಒಂದು ಪಾಲನ್ನು ತೆಗೆದು ಹೊಸ ದ್ರವಕ್ಕೆ ಸೇರಿಸುವರು. ನಮ್ಮ ಮನೆಗಳಲ್ಲಿ ನಿನ್ನೆಯ ಮೊಸರನ್ನು ಒಂದಿಷ್ಟು ತೆಗೆದಿರಿಸಿ ಇಂದಿನ ಹಾಲಿಗೆ ಹೆಪ್ಪು ಹಾಕುವ ಕ್ರಮವೇ ಇದು. ಹೀಗೆ ದಿನಕ್ಕೆ ಆರೂ ಮುಕ್ಕಾಲಿಗೆ ಸ್ವಲ್ಪ ಕಡಮೆ ಪೀಳಿಗೆಗಳು, ೭೫ ದಿನಗಳಿಗೆ ೫೦೦ ಪೀಳಿಗೆಗಳು ಉರುಳುವುವು.

ಹೆಪ್ಪಿನ ಉಪಾಯವು ಹಳೆಯದು. ಲೆನ್ಸ್ಕಿಯವರ ಪ್ರಯೋಗದ ವೈಶಿಷ್ಟ್ಯವಿರುವುದು ಶೈತ್ಯಪೆಟ್ಟಿಗೆಯಲ್ಲಿ. ಐನೂರು ಪೀಳಿಗೆಗಳಿಗೊಮ್ಮೆ ಪ್ರತಿಯೊಂದು ಕುಪ್ಪಿಯಿಂದಲೂ ಮಾದರಿಯನ್ನು ತೆಗೆದು, ನೀರು ಹೆಪ್ಪುಗಟ್ಟುವ ಬಿಂದುವಿಗಿಂತ ೮೦ ಸೆಂಟಿಗ್ರೇಡ್ ಡಿಗ್ರಿ ಕೆಳಗಿನ ಚಳಿಯಲ್ಲಿ ಇರಿಸುವರು. ಅಲ್ಲಿ ಜೀವಿಗಳು ಸಾಯವು, ಬೆಳೆಯವು, ಸಮಾಧಿಸ್ಥಿತಿಯಲ್ಲಿರುವುವು. ಬೇಕಾದಾಗ ಬೆಚ್ಚಗೆ ಮಾಡಿದರೆ ಎಚ್ಚರಗೊಳ್ಳುವುವು. ರಾಜರ ಇತಿಹಾಸವನ್ನು ಬರೆಯುವವನಿಗೆ ಶಾಸನವಷ್ಟೇ ದೊರೆಯುವುದು, ಶಾಸನವನ್ನು ಹಾಕಿಸಿದ ರಾಜನು ದೊರೆಯನು. ಇಲ್ಲಿಯಾದರೋ ಮೂಲಪುರುಷನನ್ನೂ ಅವನ ಸಾವಿರ ತಲೆಮಾರಿನ ಅನಂತರದ ಮೊಮ್ಮಗನನ್ನೂ ಒಂದೇ ಗರಡಿಯಲ್ಲಿ ಇಳಿಸಿ ಯಾರು ಬಲಿಷ್ಠರೆಂದು ನೋಡಬಹುದು. ಇಬ್ಬರ ಗುರುತು ತಪ್ಪದಂತೆ ಒಂದು ಪಕ್ಷದವು ಕೆಂಪಾಗಿಯೂ ಇನ್ನೊಂದು ಪಕ್ಷದವು ಬಿಳಿಯಾಗಿಯೂ ಬೆಳೆಯುವಂತೆ ಮೊದಲೇ ಏರ್ಪಾಡು ಮಾಡಿದ್ದರು.

ಹನ್ನೆರಡು ಕುಪ್ಪಿಗಳ ಕಥೆಯು ಬಹುಮಟ್ಟಿಗೆ ಒಂದೇ ಆಗಿ ನಡೆಯಿತು. ಎಲ್ಲವುಗಳಲ್ಲಿಯೂ ಜೀವಿಗಳ ಗಾತ್ರವು ಹೆಚ್ಚಿತು. ಎಲ್ಲವೂ ಪೂರ್ವಿಕರಿಗಿಂತ ವೇಗವಾಗಿ ಬೆಳೆಯಲು ಕಲಿತವು. ತಮಗೆ ಆ ಕುಪ್ಪಿಯಲ್ಲಿ ಬೇಕಾಗದಿದ್ದ ರೈಬೋಸ್ ಎಂಬ ಸಕ್ಕರೆಯನ್ನು ಅರಗಿಸುವ ಶಕ್ತಿಯನ್ನು ಹನ್ನೆರಡೂ ೨,೦೦೦ ಪೀಳಿಗೆಗಳ ಒಳಗೆಯೇ ಕಳೆದುಕೊಂಡವು. ೫೦,೦೦೦ ಪೀಳಿಗೆಗಳು ಮುಗಿಯುವ ವೇಳೆಗೆ ಸಂತತಿಯ ಸಾಮರ್ಥ್ಯವು ಪೂರ್ವಿಕರದಕ್ಕೆ ಸುಮಾರು ೧.೭ ಪಟ್ಟಾಗಿತ್ತು. ಏಳಿಗೆಯ ವೇಗವು ಕಾಲಕ್ರಮದಲ್ಲಿ ತಗ್ಗಿತಾದರೂ ಪೂರ್ತಿಯಾಗಿ ನಿಲ್ಲಲಿಲ್ಲ. ಇಲ್ಲಿಯವರೆಗೆ ನೋಡಿದವರು, ಪರಿಸರವೇ ಎಲ್ಲವನ್ನೂ ನಿರ್ಣಯಿಸುವುದು, ಆಕಸ್ಮಿಕಕ್ಕೆ ಎಡೆಯಿಲ್ಲವೆಂದು ನಿರ್ಧರಿಸಬಹುದಾಗಿತ್ತು.

ಆದರೆ ೨೦೦೩ರಲ್ಲಿ ಒಂದು ದಿನ ಒಂದು ಕುಪ್ಪಿಯ ದ್ರವವು ಉಳಿದ ಹನ್ನೊಂದಕ್ಕಿಂತ ಬಗ್ಗಡವಾಗಿ ಕಂಡಿತು. ಹೊರಗಿನ ಜೀವಿ ಯಾವುದೋ ಸೇರಿಕೊಂಡಿತೆಂದು ಮೊದಲು ಶಂಕಿಸಿದರು. ಪರೀಕ್ಷಿಸಲಾಗಿ ಅದು ಅದೇ ವಂಶದ ಸಂತತಿಯೇ ಎಂಬುದು ಸ್ಥಿರಪಟ್ಟಿತು. ಕುಪ್ಪಿಯ ದ್ರವದಲ್ಲಿ ಗ್ಲೂಕೋಸಿನೊಡನೆ ಸಿಟ್ರೇಟ್ ಎಂಬ ವಸ್ತುವೂ ಇದ್ದಿತು; ನಿಂಬೆಯ ಹುಳಿಗೆ ಕಾರಣವಾದ ಆಮ್ಲದ ಲವಣವದು. ಆಮ್ಲಜನಕವಿರುವೆಡೆ ಈ. ಕೋಲೈಗೆ ಸಿಟ್ರೇಟನ್ನು ಉಣ್ಣಲು ಬಾರದು. ಇತರ ಜೀವಿಗಳಿಂದ ಅದನ್ನು ಬೇರ್ಪಡಿಸಿ ಗುರುತಿಸುವ ಲಕ್ಷಣಗಳಲ್ಲಿ ಇದೂ ಒಂದು. ಹದಿನೈದು ವರ್ಷಗಳ ಕಾಲ ಬಡಿಸಿದ ಎಲೆಯ ಮುಂದೆಯೇ ಹಸಿದು ಕುಳಿತಿದ್ದ ಜೀವಿಯು ಈಗ ಉಣ್ಣತೊಡಗಿತ್ತು. ಈ ಶಕ್ತಿಯು ಮೊದಲು ತಲೆದೋರಿದುದು ಸುಮಾರು ೩೧,೫೦೦ನೆಯ ಪೀಳಿಗೆಯಲ್ಲಿ. ಮನುಷ್ಯರ ತಲೆಮಾರಿಗೆ ೨೫ ವರ್ಷಗಳೆಂದು ಲೆಕ್ಕ ಹಿಡಿದರೆ ಇದು ಏಳೂ ಮುಕ್ಕಾಲು ಲಕ್ಷ ವರ್ಷಗಳನ್ನು ಮೀರಿದ ಕಾಲ.

ಇದು ಕಾಕತಾಳೀಯವೆ? ಯಾವ ಪೀಳಿಗೆಯಲ್ಲಾದರೂ ಅಕಸ್ಮಾತ್ತಾಗಿ ಆಗಬಹುದಾಗಿದ್ದ ಅಪೂರ್ವ ಘಟನೆಯೆ? ಅಥವಾ ಹಿಂದಿನ ಪೀಳಿಗೆಗಳಲ್ಲಿ ಯಾವುದೋ ಸಿದ್ಧತೆಯು ನಡೆದಿದ್ದಿತೆ? ಲೆನ್ಸ್ಕಿಯವರ ಶಿಷ್ಯರಾದ ಜ಼ಕರಿ ಬ್ಲೌಂಟರು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಆ ಕುಪ್ಪಿಯ ವಂಶದ ನಾನಾ ಕಾಲದ ಮಾದರಿಗಳನ್ನು ಶೈತ್ಯಪೆಟ್ಟಿಗೆಯಿಂದ ಎಬ್ಬಿಸಿ, ಇತಿಹಾಸವನ್ನು ಒಂದೊಂದು ಘಟ್ಟದಿಂದಲೂ ಮತ್ತೆ ಮತ್ತೆ ಆಡಿಸಿದರು. ಒಟ್ಟು ಸುಮಾರು ೪೦ ಲಕ್ಷ ಕೋಟಿ ಜೀವಕೋಶಗಳನ್ನು ಪರೀಕ್ಷೆಗೆ ಒಳಪಡಿಸಿದರೆಂದರೆ ಅವರ ತಾಳ್ಮೆಯನ್ನು ಊಹಿಸಬಹುದು. ೨೦೦೮ರಲ್ಲಿ ಪ್ರಕಟವಾದ ಫಲಿತಾಂಶವಿದು: ಮೂಲಪುರುಷನಿಂದ ಹೊರಟ ಸಂತತಿಯಲ್ಲಿ ಒಮ್ಮೆಯೂ ಆ ಶಕ್ತಿಯು ಹುಟ್ಟಲಿಲ್ಲ. ಸುಮಾರು ೨೦,೦೦೦ನೆಯ ಪೀಳಿಗೆಯಿಂದ ಈಚಿನ ಮಾದರಿಗಳಲ್ಲಿ ಮಾತ್ರ, ಅದೂ ಬಹು ವಿರಳವಾಗಿ, ಪುನಃ ಹುಟ್ಟಿತು. ಎಂದರೆ ಆ ಪೀಳಿಗೆಗಳ ಸುಮಾರಿನಲ್ಲಿ ಹೊರಗೆ ಕಾಣದ ಯಾವುದೋ ಮಾರ್ಪಾಟು ಆಗಿ, ಮುಂದಿನದಕ್ಕೆ ನೆಲವನ್ನು ಹದಮಾಡಿತ್ತು. ೨೦೧೨ರಲ್ಲಿ ಕೊನೆಯ ಹೆಜ್ಜೆಯ ಸ್ವರೂಪವೂ ತಿಳಿದುಬಂದಿತು. ಸಿಟ್ರೇಟನ್ನು ಒಳಕ್ಕೆ ತರುವ ಜೀನು ಆ ಜೀವಿಯಲ್ಲಿ ಮೊದಲಿನಿಂದಲೂ ಇದ್ದಿತು, ಆದರೆ ಆಮ್ಲಜನಕವಿರುವಾಗ ನಿದ್ರಿಸುತ್ತಿತ್ತು. ಅದರ ಪ್ರತಿಯೊಂದು ಹೊಸದಾಗಿ ಉಂಟಾಗಿ, ಆಮ್ಲಜನಕವಿರುವಾಗಲೂ ಎಚ್ಚತ್ತಿರುವ ಬೇರೊಂದು ಜೀನಿನ ಆಜ್ಞಾಸ್ಥಾನದ ಪಕ್ಕಕ್ಕೆ ಬಿದ್ದಿತ್ತು.

ಇಲ್ಲಿ ಒಂದು ಪೂರ್ವಪಕ್ಷವುಂಟು. ೨೦೧೬ರಲ್ಲಿ ಐಡಾಹೊ ವಿಶ್ವವಿದ್ಯಾಲಯದ ವಿದ್ವಾಂಸರು ಸಿಟ್ರೇಟನ್ನು ಬಿಟ್ಟರೆ ಬೇರೆ ಗತಿಯಿಲ್ಲದಂತೆ ಈ. ಕೋಲೈಯನ್ನು ದೀರ್ಘಕಾಲ ಇರಿಸಿ, ಅದೇ ಶಕ್ತಿಯು ನೂರು ಪೀಳಿಗೆಗಳ ಒಳಗೆಯೇ ಹುಟ್ಟುವುದನ್ನು ತೋರಿಸಿದರು. ಇದರಲ್ಲಿ ಅಪೂರ್ವವೇನೂ ಇಲ್ಲವೆಂದು ವಾದಿಸಿದರು. ಈ ಆಕ್ಷೇಪಣೆಯಲ್ಲಿ ಸತ್ಯಾಂಶವಿದೆ. ಹಸಿವಿನ ಒತ್ತಾಯವು ಬೇರೆಯಾದರೆ ದಾರಿಯೂ ಬೇರೆಯಾಗುವುದು. ಆದರೆ ಪ್ರತಿದಿನವೂ ಒಂದಿಷ್ಟು ಗ್ಲೂಕೋಸ್ ದೊರೆಯುತ್ತಿದ್ದ ಆ ಹನ್ನೆರಡು ಕುಪ್ಪಿಗಳಲ್ಲಿ, ೫೦,೦೦೦ ಪೀಳಿಗೆಗಳು ಕಳೆದ ಮೇಲೆಯೂ ಹನ್ನೊಂದು ಆ ದಾರಿಯನ್ನು ಕಾಣಲಿಲ್ಲವೆಂಬುದು ಸುಳ್ಳಾಗುವುದಿಲ್ಲ. ಒಂದು ಫಲವು ಸುಲಭವೋ ದುರ್ಲಭವೋ ಎಂಬುದು ಫಲದ ಗುಣವಲ್ಲ, ಅದನ್ನು ಮುಟ್ಟಲು ನಡೆದು ಬಂದ ದಾರಿಯ ಗುಣ.

ಇನ್ನು ಯೀಸ್ಟಿನ ವಿಷಯ. ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ವಿಲಿಯಂ ರ‍್ಯಾಟ್‌ಕ್ಲಿಫರೂ ಮೈಕೆಲ್ ಟ್ರವಿಸಾನೊ ಮೊದಲಾದವರೂ ಹತ್ತು ನಳಿಗೆಗಳಲ್ಲಿ ಯೀಸ್ಟನ್ನು ಬೆಳೆಸಿ, ಪ್ರತಿದಿನವೂ ಬೇಗ ತಳಕ್ಕೆ ಇಳಿದ ಭಾಗವನ್ನು ಮಾತ್ರ ಮುಂದಿನ ದಿನಕ್ಕೆ ಉಳಿಸುತ್ತ ಬಂದರು. ಭಾರವಾದುದು ಬೇಗ ಇಳಿಯುವುದಾದುದರಿಂದ ಒಂಟಿಯಾದವು ಕಳೆದುಹೋಗಿ, ಗುಂಪಾದವು ಉಳಿದುವು. ೬೦ ದಿನಗಳೊಳಗೆ ಹತ್ತೂ ನಳಿಗೆಗಳಲ್ಲಿ, ಹುಟ್ಟಿದ ಮರಿಕೋಶಗಳು ತಾಯಿಯನ್ನು ಬಿಡದೆ ಅಂಟಿಕೊಂಡು, ಹಿಮದ ಹಳಕಿನ ಆಕಾರದ ಗೊಂಚಲುಗಳಾದುವು. ಇದು ಪ್ರಕಟವಾದುದು ೨೦೧೨ರಲ್ಲಿ. ಮುಂದೆ ರ‍್ಯಾಟ್‌ಕ್ಲಿಫರು ಅಟ್ಲಾಂಟ ನಗರದ ಜಾರ್ಜಿಯ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಸಹೋದ್ಯೋಗಿಗಳೊಡನೆ ೬೦೦ ದಿನಗಳವರೆಗೆ ಇದನ್ನು ನಡೆಸಿ ೨೦೨೩ರಲ್ಲಿ ಫಲಿತಾಂಶವನ್ನು ತಿಳಿಸಿದರು. ಆಮ್ಲಜನಕವನ್ನು ಬಳಸದ ಐದು ವಂಶಗಳಲ್ಲಿ ಗೊಂಚಲು ಸುಮಾರು ೨೦,೦೦೦ ಪಟ್ಟು ಹಿರಿದಾಗಿ ಬರಿಗಣ್ಣಿಗೆ ಕಾಣುವಂತಾಯಿತು. ಕೊಂಬೆಗಳು ಒಂದರೊಡನೊಂದು ಹೆಣೆದುಕೊಂಡು ಗಟ್ಟಿಯಾದುವು. ಆಮ್ಲಜನಕವನ್ನು ಬಳಸುವ ವಂಶಗಳು ಚಿಕ್ಕವಾಗಿಯೇ ಉಳಿದುವು, ಏಕೆಂದರೆ ಗೊಂಚಲು ದೊಡ್ಡದಾದಷ್ಟೂ ಒಳಗಿನ ಕೋಶಗಳಿಗೆ ಆ ವಾಯುವು ತಲುಪದು.

೨೦೨೫ರಲ್ಲಿ ಇದೇ ಯೀಸ್ಟಿನಿಂದ ಮತ್ತೊಂದು ಸಂಗತಿ ಹೊರಬಿದ್ದಿತು. ದೊಡ್ಡ ಗೊಂಚಲಿನ ಕೋಶಗಳಲ್ಲಿ ವರ್ಣತಂತುಗಳು ಇಮ್ಮಡಿಯಾಗಿದ್ದುವು. ಹಿಂದಿನ ಮಾದರಿಗಳನ್ನು ನೋಡಲಾಗಿ, ಈ ಇಮ್ಮಡಿಯು ಮೊದಲ ೫೦ ದಿನಗಳಲ್ಲಿಯೇ ಉಂಟಾಗಿ, ಸಾವಿರ ದಿನಗಳಾಚೆಗೂ ಅಳಿಯದೆ ನಿಂತಿತ್ತು. ಪ್ರಯೋಗಶಾಲೆಯಲ್ಲಿ ಇಂತಹ ಇಮ್ಮಡಿಯು ಸಾಮಾನ್ಯವಾಗಿ ಬಾಳದು. ಇಲ್ಲಿ ಅದರಿಂದ ಕೋಶಗಳು ದೊಡ್ಡವೂ ನೀಳವೂ ಆಗಿ ಗೊಂಚಲಿಗೆ ಅನುಕೂಲವಾದುದರಿಂದ ಅದು ಬಾಳಿತು. ಅಂದು ನಡೆದ ಬದಲಾವಣೆಯು ಅಂದಿನ ದಿನಚರಿಯನ್ನು ಓದಿದವರಿಗೆ ಕಾಣಲಿಲ್ಲ, ಮಾದರಿಗಳನ್ನು ಕಾಪಿಟ್ಟಿದ್ದುದರಿಂದ ಬಹುದಿನಗಳ ಮೇಲೆ ಕಂಡಿತು.

೨೦೨೦ರ ಮಾರ್ಚಿಯಲ್ಲಿ ಕೋವಿಡ್ ಮಾರಿಯು ವಿದ್ಯಾಲಯಗಳ ಬಾಗಿಲನ್ನು ಮುಚ್ಚಿಸಿದಾಗ ಲೆನ್ಸ್ಕಿಯವರ ಹನ್ನೆರಡು ಕುಪ್ಪಿಗಳ ಸಾಲೂ ನಿಂತಿತು. ಡ್ಯಾಲಿಂಜರರಿಗೆ ಬಂದ ವಿಪತ್ತು ಅವರಿಗೆ ಬರಲಿಲ್ಲ. ಜೀವಿಗಳು ಚಳಿಯಲ್ಲಿ ಮಲಗಿದ್ದು, ಮಾರಿಯ ಉಪದ್ರವವು ತಗ್ಗಿದಾಗ ಎದ್ದು ನಡೆದುವು. ೨೦೨೨ರಲ್ಲಿ ಲೆನ್ಸ್ಕಿಯವರು ಪ್ರಯೋಗದ ಭಾರವನ್ನು ಟೆಕ್ಸಾಸ್ ವಿಶ್ವವಿದ್ಯಾಲಯದ ಆಸ್ಟಿನ್ ಶಾಖೆಯಲ್ಲಿರುವ ಜೆಫ್ರಿ ಬ್ಯಾರಿಕರಿಗೆ ಒಪ್ಪಿಸಿದರು. ತಮ್ಮ ಆಯುಸ್ಸಿನಲ್ಲಿ ಮುಗಿಯದ ಕೆಲಸವನ್ನು ಕೈಹಿಡಿದು, ಅದನ್ನು ಕೆಡದಂತೆ ಮುಂದಿನವರ ಕೈಗೆ ಕೊಡುವ ಈ ಗುರುಪರಂಪರೆಯ ಕ್ರಮವು ವಿಜ್ಞಾನದಲ್ಲಿಯೂ ಇರುವುದನ್ನು ವಾಚಕರು ಗಮನಿಸಬೇಕು.

ಹಾಗಾದರೆ ಇತಿಹಾಸವನ್ನು ಆಳುವುದು ಕಾರಣವೋ ಆಕಸ್ಮಿಕವೋ? ಕುಪ್ಪಿಗಳು ಕೊಡುವ ಉತ್ತರವು ಎರಡು ಪಕ್ಷಗಳನ್ನೂ ಅರ್ಧ ಒಪ್ಪಿ ಅರ್ಧ ತಿದ್ದುವುದು. ಹತ್ತರಲ್ಲಿ ಹತ್ತೂ ಗೊಂಚಲುಗಳಾದುದು, ಹನ್ನೆರಡರಲ್ಲಿ ಹನ್ನೆರಡೂ ಬಲಿಷ್ಠವಾದುದು ಕಾರಣದ ಬಲವನ್ನು ತೋರಿಸುವುವು. ಹನ್ನೆರಡರಲ್ಲಿ ಒಂದು ಮಾತ್ರ ಸಿಟ್ರೇಟನ್ನು ಉಂಡುದು ಆಕಸ್ಮಿಕದ ಬಲವನ್ನು ತೋರಿಸುವುದು. ಆದರೆ ಆ ಆಕಸ್ಮಿಕವೂ ಸಿದ್ಧತೆಯಿಲ್ಲದ ಪೂರ್ವಿಕರನ್ನು ಎಷ್ಟು ಕರೆದರೂ ಬರಲಿಲ್ಲ. ಇಪ್ಪತ್ತು ಸಾವಿರ ಪೀಳಿಗೆಗಳು ಹದಮಾಡಿದ ಮನೆಗೆ ಮಾತ್ರ ಬಂದಿತು. ಕಾಗೆ ಕುಳಿತಾಗ ಹಣ್ಣು ಬಿದ್ದುದು ಕಾಕತಾಳೀಯವೆಂಬುದು ನಿಜ. ಆದರೆ ಕಾಯಿಯು ಆಗಲೇ ಮಾಗಿ ತೊಟ್ಟು ಸಡಿಲವಾಗಿದ್ದಿತೆಂಬುದೂ ಅಷ್ಟೇ ನಿಜ. ಹಣ್ಣು ಬಿದ್ದುದನ್ನು ದಾರಿಹೋಕರೆಲ್ಲರೂ ಕಂಡರು. ಅದು ಮಾಗಿದ ದಿನಗಳ ಲೆಕ್ಕವನ್ನು ಇಟ್ಟಿರುವುದೇ ಇತಿಹಾಸದ ಕೆಲಸ.