ಸೂರ್ಯನ ಕಣಮಳೆಗೆ ಬಾಹ್ಯಾಕಾಶದ ಕಾವಲು

1972ರ ಏಪ್ರಿಲ್ 27ರಂದು ಅಪೊಲೊ-16ರ ಮೂವರು ಗಗನಯಾತ್ರಿಗಳು ಚಂದ್ರಯಾನ ಮುಗಿಸಿ ಭೂಮಿಗೆ ಮರಳಿದರು. ಅದೇ ವರ್ಷ ಡಿಸೆಂಬರ್ 7ರಂದು ಅಪೊಲೊ-17 ಹೊರಟಿತು. ಈ ಎರಡು ಯಾತ್ರೆಗಳ ನಡುವೆ, ಆಗಸ್ಟ್ ಮೊದಲ ವಾರದಲ್ಲಿ, ಸೂರ್ಯನ ಮೇಲೆ ಒಂದರ ಹಿಂದೊಂದರಂತೆ ಭಾರಿ ಸ್ಫೋಟಗಳಾದವು. ಆಗ ಚಂದ್ರನ ಮೇಲೆ ಯಾರೂ ಇರಲಿಲ್ಲ. ಇದ್ದಿದ್ದರೆ, ಬರಿಯ ಗಗನ ಪೋಷಾಕು ತೊಟ್ಟು ಅಲ್ಲಿ ಓಡಾಡುತ್ತಿದ್ದವರಿಗೆ ತೀವ್ರ ವಿಕಿರಣ ಕಾಯಿಲೆ ತಗುಲುವ ಸಂಭವವಿತ್ತೆಂದು ಅನಂತರದ ಲೆಕ್ಕಾಚಾರಗಳು ಹೇಳುತ್ತವೆ. ದೊಡ್ಡ ಗಂಡಾಂತರವೊಂದು ತಪ್ಪಿದ್ದು ಕೇವಲ ಅದೃಷ್ಟದಿಂದ.

ಈ ಅಪಾಯ ಸೂರ್ಯನ ಬಿಸಿಲಿನದಲ್ಲ, ಶಾಖದ್ದೂ ಅಲ್ಲ. ಸ್ಫೋಟದ ವೇಳೆ ಪ್ರೋಟಾನ್, ಎಲೆಕ್ಟ್ರಾನ್ ಮತ್ತು ಭಾರವಾದ ಪರಮಾಣುಗಳ ಬೀಜಗಳು ಅಪಾರ ವೇಗ ಪಡೆದು ಹೊರಚಿಮ್ಮುತ್ತವೆ. ಸೂರ್ಯನ ಬೆಳಕು ಭೂಮಿಗೆ ಬರಲು ಎಂಟು ನಿಮಿಷಕ್ಕೂ ತುಸು ಹೆಚ್ಚು ಬೇಕು. ಅತಿ ವೇಗದ ಪ್ರೋಟಾನುಗಳು ಅರ್ಧ ಗಂಟೆಯೊಳಗೇ ಬಂದು ತಲಪಬಲ್ಲವು. ಲೋಹದ ತಗಡನ್ನೂ ಮನುಷ್ಯನ ಮೈಯನ್ನೂ ತೂರಿಹೋಗುವ ಶಕ್ತಿ ಅವಕ್ಕಿದೆ. ಭೂಮಿಯ ಮೇಲಿರುವ ನಮಗೆ ವಾತಾವರಣ ಮತ್ತು ಕಾಂತಕ್ಷೇತ್ರಗಳ ಎರಡು ಪದರದ ರಕ್ಷಣೆಯಿದೆ. ಚಂದ್ರನಿಗೆ ಅಂಥ ಆಸರೆಯಿಲ್ಲ.

ಇಂಥ ಕಣಗಳು ಸೂರ್ಯನಿಂದ ಬರುತ್ತವೆಂಬುದಕ್ಕೆ ಮೊದಲ ಸುಳಿವು ಸಿಕ್ಕಿದ್ದು ನೆಲದ ಮೇಲೆಯೇ. ಅಮೆರಿಕದ ವಿಜ್ಞಾನಿ ಸ್ಕಾಟ್ ಫೋರ್ಬುಶ್ ವಿಶ್ವಕಿರಣಗಳನ್ನು ಅಳೆಯುವ ಉಪಕರಣಗಳನ್ನು ಹಲವು ದೇಶಗಳಲ್ಲಿಟ್ಟು ವರ್ಷಗಟ್ಟಲೆ ದಾಖಲೆ ಇಡುತ್ತಿದ್ದರು. 1942ರ ಫೆಬ್ರುವರಿ ಮತ್ತು ಮಾರ್ಚ್ ತಿಂಗಳಲ್ಲಿ, ಮತ್ತೆ 1946ರ ಜುಲೈನಲ್ಲಿ, ಆ ಉಪಕರಣಗಳ ಅಳತೆ ಇದ್ದಕ್ಕಿದ್ದಂತೆ ಮೇಲೇರಿತು. ಸಮಭಾಜಕ ವೃತ್ತಕ್ಕೆ ಸಮೀಪವಿರುವ ಪೆರು ದೇಶದ ಉವಾಂಕಾಯೊದಲ್ಲಿ ಮಾತ್ರ ಏನೂ ಬದಲಾಗಲಿಲ್ಲ. ಭೂಮಿಯ ಕಾಂತಕ್ಷೇತ್ರ ಅಲ್ಲಿ ಅಡ್ಡಗಟ್ಟಿದೆ ಎಂದರೆ ಬಂದದ್ದು ವಿದ್ಯುದಾವೇಶವುಳ್ಳ ಕಣಗಳೇ ಇರಬೇಕು. ಅವುಗಳ ಮೂಲ ಸೂರ್ಯನೇ ಇರಬಹುದೆಂದು ಫೋರ್ಬುಶ್ 1946ರಲ್ಲಿ ಬರೆದರು.

ಆದರೆ ನೆಲಕ್ಕೆ ಮುಟ್ಟುವುದು ಅತ್ಯಂತ ಪ್ರಬಲ ಕಣಗಳ ಪರಿಣಾಮ ಮಾತ್ರ. ಉಳಿದವನ್ನು ಕಾಣಬೇಕಾದರೆ ಭೂಮಿಯ ಕವಚದಿಂದ ಹೊರಗೇ ಹೋಗಬೇಕು. 1960ರ ದಶಕದಲ್ಲಿ ಅಮೆರಿಕ ಹಾರಿಬಿಟ್ಟ ಐಎಂಪಿ ಸರಣಿಯ ಉಪಗ್ರಹಗಳು ಮತ್ತು ಪಯನಿಯರ್ ನೌಕೆಗಳು ಈ ಕೆಲಸ ಮಾಡಿದವು. 1972ರ ಆಗಸ್ಟ್ ಸ್ಫೋಟಗಳನ್ನು ಭೂಮಿಯ ಬಳಿ ಐಎಂಪಿ ಉಪಗ್ರಹಗಳು, ಸೂರ್ಯನಿಗೆ ಇನ್ನಷ್ಟು ಹತ್ತಿರದಲ್ಲಿ ಪಯನಿಯರ್-9, ಗುರುಗ್ರಹದ ಹಾದಿ ಹಿಡಿದಿದ್ದ ಪಯನಿಯರ್-10 ಒಟ್ಟಿಗೇ ಗಮನಿಸಿದವು. ಒಂದೇ ಚಂಡಮಾರುತವನ್ನು ಬೇರೆಬೇರೆ ಊರುಗಳಲ್ಲಿ ನಿಂತು ಅಳೆದಂತಾಯಿತು. ಈ ಘಟನೆಯ ನೆರಳು ಸಾಹಿತ್ಯದ ಮೇಲೂ ಬಿತ್ತು. ಜೇಮ್ಸ್ ಮಿಚೆನರ್ ಅವರ 1982ರ ಕಾದಂಬರಿ 'ಸ್ಪೇಸ್'ನಲ್ಲಿ ಕಲ್ಪಿತ ಅಪೊಲೊ-18ರ ಇಬ್ಬರು ಯಾತ್ರಿಗಳು ಇಂಥ ಕಣಮಳೆಗೆ ಸಿಕ್ಕಿ ಸಾಯುತ್ತಾರೆ.

ಕಣಗಳಿಗೆ ಇಷ್ಟು ವೇಗ ಕೊಡುವವರು ಯಾರು? ಸೂರ್ಯನ ಮೇಲ್ಮೈ ಬಳಿ ಹೊಳೆಯುವ ಜ್ವಾಲೆಯೇ ಎಲ್ಲಕ್ಕೂ ಕಾರಣವೆಂದು ವಿಜ್ಞಾನಿಗಳು ಬಹುಕಾಲ ನಂಬಿದ್ದರು. 1970ರ ದಶಕದಲ್ಲಿ ಸ್ಕೈಲ್ಯಾಬ್ ಮುಂತಾದ ನೌಕೆಗಳು ಇನ್ನೊಂದು ದೃಶ್ಯ ತೋರಿಸಿದವು. ಸೂರ್ಯನ ಹೊರಪದರವಾದ ಕರೋನಾದಿಂದ ಕೋಟ್ಯಂತರ ಟನ್ ಅನಿಲರಾಶಿ ಒಮ್ಮೆಲೇ ಹೊರಕ್ಕೆ ಸಿಡಿಯುತ್ತದೆ. ಅದು ಸೆಕೆಂಡಿಗೆ ಸಾವಿರಾರು ಕಿಲೊಮೀಟರ್ ವೇಗದಲ್ಲಿ ನುಗ್ಗಿದಾಗ ಅದರ ಮುಂದೆ ಆಘಾತ ಅಲೆ ಏಳುತ್ತದೆ. ಆ ಅಲೆಯೇ ಕಣಗಳನ್ನು ಮತ್ತೆ ಮತ್ತೆ ತಳ್ಳಿ ವೇಗ ಕೊಡುತ್ತದೆ. ಡೊನಾಲ್ಡ್ ರೀಮ್ಸ್ ಮೊದಲಾದವರು ನೌಕೆಗಳ ಅಳತೆಗಳನ್ನು ಜೋಡಿಸಿ ಎರಡು ಬಗೆ ಗುರುತಿಸಿದರು: ಜ್ವಾಲೆಯಿಂದ ಹುಟ್ಟಿ ಕೆಲವು ಗಂಟೆಗಳಲ್ಲಿ ಅಡಗುವ ಸಣ್ಣ ಸುರಿಮಳೆ ಒಂದು, ಆಘಾತ ಅಲೆಯಿಂದ ಹುಟ್ಟಿ ದಿನಗಟ್ಟಲೆ ಸುರಿಯುವ ದೊಡ್ಡದು ಇನ್ನೊಂದು. ಮನುಷ್ಯನಿಗೆ ಅಪಾಯವಿರುವುದು ಹೆಚ್ಚಾಗಿ ಎರಡನೆಯದರಿಂದ.

1995ರ ಡಿಸೆಂಬರ್‌ನಲ್ಲಿ ಹಾರಿದ ಸೋಹೊ ನೌಕೆ ಭೂಮಿಯಿಂದ 15 ಲಕ್ಷ ಕಿಲೊಮೀಟರ್ ದೂರದಲ್ಲಿ, ಸೂರ್ಯನ ಕಡೆಗಿರುವ ಎಲ್-1 ಎಂಬ ನೆಲೆಯ ಸುತ್ತ ತಿರುಗುತ್ತ ಹಗಲಿರುಳಿಲ್ಲದೆ ಕಾವಲು ಕಾಯತೊಡಗಿತು. 2000ದ ಜುಲೈ 14ರ ಸ್ಫೋಟದಲ್ಲಿ ಸ್ವಲ್ಪ ಹೊತ್ತಿನಲ್ಲೇ ಅದರ ಕ್ಯಾಮೆರಾಗಳಿಗೆ ಕಣಗಳು ಬಡಿದು, ಆಂಟೆನಾ ಕೆಟ್ಟ ಟಿ.ವಿ. ಪರದೆಯಂತೆ ಚಿತ್ರದ ತುಂಬ ಬಿಳಿ ಚುಕ್ಕೆಗಳು ತುಂಬಿದವು. 2003ರ ಅಕ್ಟೋಬರ್ ಕೊನೆಯ ಸ್ಫೋಟಗಳ ಕಥೆ ಇನ್ನೂ ವಿಚಿತ್ರ. ಮಂಗಳ ಗ್ರಹವನ್ನು ಸುತ್ತುತ್ತಿದ್ದ ಮಾರ್ಸ್ ಒಡಿಸ್ಸಿ ನೌಕೆಯಲ್ಲಿ ಮುಂದಿನ ಗಗನಯಾತ್ರಿಗಳಿಗಾಗಿ ವಿಕಿರಣವನ್ನು ಅಳೆಯಲೆಂದೇ ಇಟ್ಟಿದ್ದ ಉಪಕರಣ ಅದೇ ಕಣಮಳೆಯ ನಡುವೆ ನಿಂತುಹೋಯಿತು!

ಎಲ್ಲ ಸ್ಫೋಟಗಳೂ ಭೂಮಿಗೆ ಒಂದೇ ಸಮನೆ ಅಪಾಯ ತರುವುದಿಲ್ಲ. ಕಾಫಿ ತೋಟದಲ್ಲಿ ತಿರುಗುವ ಸ್ಪ್ರಿಂಕ್ಲರ್ ನೀರನ್ನು ಸುರುಳಿಯಾಗಿ ಹರಡುವಂತೆ, ತನ್ನ ಸುತ್ತ ತಾನೇ ತಿರುಗುವ ಸೂರ್ಯನ ಕಾಂತರೇಖೆಗಳೂ ಸುರುಳಿಯಾಗಿ ಹಬ್ಬಿವೆ. ಕಣಗಳು ಈ ರೇಖೆಗಳ ಗುಂಟ ಸಾಗುತ್ತವೆ. ಆದ್ದರಿಂದ ಸೂರ್ಯನ ಪಶ್ಚಿಮಾರ್ಧದಲ್ಲಿ ನಡೆದ ಸ್ಫೋಟದ ಕಣಗಳು ಭೂಮಿಗೆ ಬೇಗ ತಲಪುತ್ತವೆ. ಹಗುರವಾದ ಎಲೆಕ್ಟ್ರಾನುಗಳು ಪ್ರೋಟಾನುಗಳಿಗಿಂತ ಮುಂಚೆ ಬರುತ್ತವೆ. ಸೋಹೊದಲ್ಲಿ ದಾಖಲಾದ ಇಂಥ ಎಲೆಕ್ಟ್ರಾನುಗಳನ್ನು ನೋಡಿ, ಹಿಂದೆ ಬರಲಿರುವ ಪ್ರೋಟಾನುಗಳ ಸೂಚನೆಯನ್ನು ಒಂದು ಗಂಟೆಯಷ್ಟು ಮೊದಲೇ ಕೊಡಬಹುದೆಂದು ಆರಿಕ್ ಪೋಸ್ನರ್ 2007ರಲ್ಲಿ ತೋರಿಸಿಕೊಟ್ಟರು.

ಈ ಕಾವಲಿಗೆ ಭಾರತವೂ ಸೇರಿದೆ. 2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟಾದಿಂದ ಹೊರಟ ಆದಿತ್ಯ-ಎಲ್1, 2024ರ ಜನವರಿ 6ರಂದು ತನ್ನ ನೆಲೆ ಸೇರಿತು. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ 'ಆಸ್ಪೆಕ್ಸ್' ಉಪಕರಣ ಅದರಲ್ಲಿ ಕಣಗಳನ್ನು ಹಲವು ದಿಕ್ಕುಗಳಿಂದ ಅಳೆದರೆ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ರೂಪಿಸಿದ ದೂರದರ್ಶಕ ಆ ಕಣಗಳ ಹುಟ್ಟೂರಾದ ಕರೋನಾವನ್ನು ನೋಡುತ್ತದೆ.

ಮನುಷ್ಯ ಮತ್ತೆ ಚಂದ್ರನತ್ತ, ಮುಂದೆ ಮಂಗಳನತ್ತಲೂ ಹೋಗುವ ಸಿದ್ಧತೆಯಲ್ಲಿದ್ದಾನೆ. ಸೂರ್ಯನ ಸ್ಫೋಟವನ್ನು ತಡೆಯುವುದು ಯಾರಿಂದಲೂ ಆಗದು. ದಪ್ಪ ಗೋಡೆಯ ಮರೆಗೆ ಹೋಗಲು ಯಾತ್ರಿಗಳಿಗೆ ಸಮಯ ಸಿಕ್ಕರೆ ಸಾಕು. ಫೋರ್ಬುಶ್ ಕಾಲದಿಂದ ಇಂದಿನವರೆಗಿನ ಅಳತೆಗಳೆಲ್ಲ ಗಳಿಸಿಕೊಟ್ಟಿರುವುದು ಆ ಒಂದು ಗಂಟೆಯನ್ನು. 1972ರಲ್ಲಿ ಒಲಿದ ಅದೃಷ್ಟ ಪ್ರತಿ ಸಲವೂ ಒಲಿಯಬೇಕೆಂದೇನಿಲ್ಲ.